ಮಾತು ಕೇಳುವಷ್ಟು ದೂರ

ಮಿರರ್‌ಲೆಸ್ ಕ್ಯಾಮೆರಾ ಕೊಂಡವರು ಒಂದೆರಡು ವಾರದೊಳಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಬೀದಿಯ ಚಿತ್ರಗಳಿಗೆ ಯಾವ ಲೆನ್ಸು ತಗೊಳ್ಳಲಿ? ಕಲಬುರಗಿಯ ಕಾಲೇಜು ಹುಡುಗರು ನನ್ನನ್ನೂ ಹೀಗೆ ಕೇಳುತ್ತಾರೆ. ಕೇಳುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಎರಡು ಲೆನ್ಸುಗಳು ಆಗಲೇ ಬಂದು ಕೂತಿರುತ್ತವೆ. ಒಂದು, ಮುಷ್ಟಿಯಲ್ಲಿ ಅಡಗುವ 35 ಮಿಲಿಮೀಟರಿನ ಪ್ರೈಮ್ ಲೆನ್ಸು. ಇನ್ನೊಂದು, 200 ಮಿಲಿಮೀಟರಿನವರೆಗೆ ಚಾಚಿಕೊಳ್ಳುವ ಜೂಮ್. ಹೆಚ್ಚಿನವರ ಮನಸ್ಸು ಎರಡನೆಯದರ ಕಡೆಗೆ ವಾಲಿರುತ್ತದೆ. ಕಾರಣವನ್ನೂ ಅವರೇ ಹೇಳುತ್ತಾರೆ: "ದೂರದಿಂದಲೇ ತೆಗೀಬಹುದಲ್ರಿ ಸರ್, ಯಾರಿಗೂ ಗೊತ್ತಾಗಲ್ಲ."

ಈ ಕೊನೆಯ ಮಾತು ನನ್ನನ್ನು ಯೋಚನೆಗೆ ಹಚ್ಚುತ್ತದೆ. ತೂಕ, ಬೆಲೆ, ಬೆಳಕು ಹೀರುವ ಶಕ್ತಿ ಇವೆಲ್ಲ ಲೆನ್ಸಿನ ಗುಣಗಳು. 'ಯಾರಿಗೂ ಗೊತ್ತಾಗುವುದಿಲ್ಲ' ಎನ್ನುವುದು ಎದುರಿಗಿರುವ ಮನುಷ್ಯನಿಗೂ ನಮಗೂ ನಡುವಿನ ಸಂಬಂಧಕ್ಕೆ ಸೇರಿದ ಮಾತು. ಅಂಗಡಿಯ ಕೌಂಟರಿನ ಮುಂದೆ ನಿಂತು ನಾವು ಗಾಜು ಆರಿಸುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಬೇರೊಬ್ಬರ ಬದುಕಿನ ಎದುರು ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ಅಲ್ಲೇ ಅರ್ಧ ತೀರ್ಮಾನಿಸಿಬಿಟ್ಟಿರುತ್ತೇವೆ.

ಮೊದಲು ಲೆಕ್ಕ ನೋಡೋಣ. ಫುಲ್‌ಫ್ರೇಮ್ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ನಿಂತಿರುವ ಒಬ್ಬ ಮನುಷ್ಯನನ್ನು, ತಲೆಯ ಮೇಲೂ ಪಾದದ ಕೆಳಗೂ ಸ್ವಲ್ಪ ಜಾಗ ಬಿಟ್ಟು, ಚೌಕಟ್ಟಿನ ತುಂಬ ತರಬೇಕಾದರೆ 28 ಮಿ.ಮೀ. ಲೆನ್ಸಿನಲ್ಲಿ ಸುಮಾರು ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಬೇಕು. 35ರಲ್ಲಿ ಎರಡು ಮೀಟರ್, 50ರಲ್ಲಿ ಮೂರಕ್ಕೆ ಸ್ವಲ್ಪ ಕಡಿಮೆ, 85ರಲ್ಲಿ ಐದರ ಹತ್ತಿರ, 200ರಲ್ಲಿ ಹನ್ನೊಂದು ಮೀಟರ್. ಎಪಿಎಸ್-ಸಿ ಸಂವೇದಕದ ಕ್ಯಾಮೆರಾಗಳಲ್ಲಿ ಲೆನ್ಸಿನ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಿಕೊಳ್ಳಬೇಕು. ಅಲ್ಲಿ 23 ಮಿ.ಮೀ. ಲೆನ್ಸು ಮಾಡುವುದು 35ರ ಕೆಲಸವನ್ನು. ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳಲ್ಲಿ ಎರಡರಿಂದ ಗುಣಿಸಬೇಕು.

ನಮ್ಮ ಕಡೆ ಬಾವಿಯ ಹಗ್ಗ ಅಳೆಯುವವರು ಎರಡೂ ಕೈ ಚಾಚಿ 'ಒಂದು ಮಾರು, ಎರಡು ಮಾರು' ಎಂದು ಎಣಿಸುತ್ತಾರೆ. ಒಂದು ಮಾರು ಅಂದರೆ ಹತ್ತಿರಹತ್ತಿರ ಆರು ಅಡಿ. ಈ ಅಳತೆಯಲ್ಲಿ ಹೇಳುವುದಾದರೆ 35ರ ಲೆನ್ಸು ನಮ್ಮನ್ನು ಒಂದು ಮಾರು ದೂರದಲ್ಲಿ ನಿಲ್ಲಿಸುತ್ತದೆ, 200ರ ಲೆನ್ಸು ಆರು ಮಾರು ಆಚೆ. ಒಂದು ಮಾರಿನಲ್ಲಿ ಇಬ್ಬರು ನಿಂತು ಮಾಮೂಲಿ ದನಿಯಲ್ಲಿ ಮಾತಾಡಬಹುದು. ಆರು ಮಾರಿನಲ್ಲಿ ಕೂಗಬೇಕು. ಜಾತ್ರೆಯ ಗದ್ದಲದಲ್ಲಿ ಕೂಗಿದರೂ ಕೇಳಿಸದು.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಮನುಷ್ಯರು ತಮ್ಮ ನಡುವೆ ಕಾಯ್ದುಕೊಳ್ಳುವ ಅಂತರಗಳನ್ನು ನಾಲ್ಕಾಗಿ ವಿಂಗಡಿಸಿದ. ಒಂದೂವರೆ ಅಡಿಯ ಒಳಗಿನದು ಆಪ್ತರದ್ದು. ಅಲ್ಲಿಂದ ನಾಲ್ಕು ಅಡಿಯವರೆಗೆ ಸ್ನೇಹಿತರದ್ದು. ಹನ್ನೆರಡು ಅಡಿಯವರೆಗೆ ವ್ಯವಹಾರದ, ಪರಿಚಯದ ಅಂತರ. ಅದರಾಚೆ ಸಾರ್ವಜನಿಕ. ಅವನು ಗಮನಿಸಿದ್ದು ತನ್ನ ದೇಶದ ಮಧ್ಯಮ ವರ್ಗದವರನ್ನು. ಈ ಅಳತೆಗಳು ಊರಿಂದೂರಿಗೆ ಬದಲಾಗುತ್ತವೆ ಎಂದು ಅವನೇ ಹೇಳುತ್ತಾನೆ. ನಮ್ಮ ಬಸ್ಸುಗಳಲ್ಲಿ ಒಂದೂವರೆ ಅಡಿಯ ಹಕ್ಕು ಯಾರಿಗೂ ಸಿಗುವುದಿಲ್ಲ. ಆದರೂ ಈ ವಿಂಗಡಣೆಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಟೆಲಿ ಲೆನ್ಸು ಸಾರ್ವಜನಿಕ ಅಂತರದಲ್ಲಿ ನಿಂತು ಆಪ್ತರ ಅಂತರದ ನೋಟವನ್ನು ಪಡೆದುಕೊಳ್ಳುತ್ತದೆ. ಕಣ್ಣಂಚಿನ ನೀರು, ತುಟಿಯ ನಡುಕ, ಕತ್ತಿನ ಬೆವರು, ಹೀಗೆ ತಾಯಿಗೋ ಗಂಡನಿಗೋ ಮಗುವಿಗೋ ಮಾತ್ರ ಕಾಣುವಂಥವು ಹನ್ನೊಂದು ಮೀಟರ್ ಆಚೆಯ ಅಪರಿಚಿತನಿಗೆ ಸಿಗುತ್ತವೆ. ನಡುವಿನ ದಾರಿಯನ್ನು ಅವನು ನಡೆದಿರುವುದಿಲ್ಲ.

ಇದು ಬರಿಯ ತತ್ವವಾಗಿ ಉಳಿಯದಿರಲು ಒಂದು ಊರು ಬೇಕು. ನನಗೆ ಚೆನ್ನಾಗಿ ಗೊತ್ತಿರುವುದು ಅಫಜಲಪುರ ತಾಲ್ಲೂಕಿನ ಘತ್ತರಗಿ. ಭೀಮಾ ನದಿಯ ದಂಡೆಯ ಈ ಊರಿನಲ್ಲಿ ಭಾಗ್ಯವಂತಿ ದೇವಿಯ ಗುಡಿಯಿದೆ. ಉಳಿದ ದಿನ ಸುಮ್ಮನಿರುವ ಊರು ಅಮಾವಾಸ್ಯೆಗೆ ತುಂಬಿ ತುಳುಕುತ್ತದೆ. ಕಲಬುರಗಿ, ವಿಜಯಪುರದ ಕಡೆಯಿಂದ, ಗಡಿಯಾಚೆಯ ಮಹಾರಾಷ್ಟ್ರದಿಂದ ಜನ ಬಸ್ಸು, ಕ್ರೂಸರ್, ಟಂಟಂಗಳಲ್ಲಿ ಬಂದಿಳಿಯುತ್ತಾರೆ. ಹೊಳೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಗುಡಿಯ ಕಡೆ ನಡೆಯುತ್ತಾರೆ. ದೇವಿಗೆ ಉಡಿ ತುಂಬುತ್ತಾರೆ. ಹರಕೆ ಹೊತ್ತವರು ದೀಡ ನಮಸ್ಕಾರ ಹಾಕುತ್ತ ನೆಲದ ಮೇಲೆ ಮಲಗಿ ಎದ್ದು ಮತ್ತೆ ಮಲಗಿ ಸಾಗುತ್ತಾರೆ. ಕೆಲವರ ಮೈಮೇಲೆ ದೇವರು ಬರುತ್ತದೆ. ದಾರಿಯ ಎರಡೂ ಬದಿಗೆ ತೆಂಗಿನಕಾಯಿ, ಕುಂಕುಮ, ಭಂಡಾರ, ಬಳೆ, ಮಂಡಾಳ, ಮಿರ್ಚಿ ಭಜಿಯ ಅಂಗಡಿಗಳು.

ಕ್ಯಾಮೆರಾ ಹಿಡಿದವನಿಗೆ ಇಲ್ಲಿ ಬಡತನವಿಲ್ಲ. ಎಲ್ಲಿ ತಿರುಗಿದರೂ ಬಣ್ಣ, ಹಾವಭಾವ, ಕಣ್ಣೀರು. ಅದರಿಂದಲೇ ಲೆನ್ಸಿನ ಪ್ರಶ್ನೆ ಇಲ್ಲಿ ಬೇರೆಡೆಗಿಂತ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಹೊಳೆಯ ದಂಡೆಯಲ್ಲಿ ಹೆಣ್ಣುಮಕ್ಕಳು ಸ್ನಾನ ಮಾಡುತ್ತಾರೆ. ಅಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ. ಆದರೆ ಅಲ್ಲಿರುವವರೆಲ್ಲ ಒಂದು ಕಾಣದ ಪರದೆಯನ್ನು ಹಿಡಿದಿರುತ್ತಾರೆ. ಪಕ್ಕದಲ್ಲಿ ನಿಂತ ಗಂಡಸರು ನೀರಿನ ಕಡೆಗೋ ಗುಡಿಯ ಕಡೆಗೋ ಮುಖ ತಿರುಗಿಸಿರುತ್ತಾರೆ. ಯಾರೂ ಹೇಳಿಕೊಟ್ಟ ನಿಯಮ ಇದಲ್ಲ, ಜನ ಬಂದು ಹೋಗುತ್ತ ಕಟ್ಟಿಕೊಂಡದ್ದು. 200 ಮಿ.ಮೀ. ಲೆನ್ಸು ಈ ಪರದೆಯನ್ನು ಯಾರಿಗೂ ಕಾಣದ ಹಾಗೆ ಹರಿಯುತ್ತದೆ. ಅದೇ ಮನುಷ್ಯ 35ರ ಲೆನ್ಸು ಹಿಡಿದು ಅಂಥದೇ ಚಿತ್ರಕ್ಕಾಗಿ ಹೋಗಬೇಕಾದರೆ ಸ್ನಾನದವರ ನಡುವೆಯೇ ನಿಲ್ಲಬೇಕಾಗುತ್ತದೆ. ನಿಲ್ಲುವುದು ಅವನಿಂದಾಗದು, ನಿಂತರೆ ಜನ ಬಿಡುವುದಿಲ್ಲ. ಚಿಕ್ಕ ಲೆನ್ಸು ಅವನನ್ನು ಒಳ್ಳೆಯವನನ್ನಾಗಿ ಮಾಡಿಬಿಡುತ್ತದೆ ಎಂದು ಇದರ ಅರ್ಥವಲ್ಲ. ಅವನನ್ನು ಆ ಊರಿನ ನಿಯಮದ ಒಳಗೆ ತಂದು ನಿಲ್ಲಿಸುತ್ತದೆ, ಅಷ್ಟೇ.

ದೂರ ನಿಲ್ಲುವುದರಿಂದ ಚಿತ್ರದ ಸತ್ಯವೂ ಬದಲಾಗುತ್ತದೆ. ಒಂದು ಚಿತ್ರದಲ್ಲಿ ವಸ್ತುಗಳ ನಡುವಿನ ಅಂತರ ಹೇಗೆ ಕಾಣುತ್ತದೆ ಎಂಬುದನ್ನು ನಿರ್ಧರಿಸುವುದು ನಾವು ನಿಂತ ಜಾಗ. ಲೆನ್ಸು ಆ ನೋಟದ ಎಷ್ಟು ಭಾಗವನ್ನು ಕತ್ತರಿಸಿ ಕೊಡಬೇಕು ಅನ್ನುವುದನ್ನು ಮಾತ್ರ ನಿರ್ಧರಿಸುತ್ತದೆ. ದೂರದಿಂದ ನೋಡಿದಾಗ ಮುಂದಿನವನೂ ಹಿಂದಿನವನೂ ಒಬ್ಬರ ಮೇಲೊಬ್ಬರು ಬಿದ್ದಂತೆ ಕಾಣುತ್ತಾರೆ. 2020ರ ಕೋವಿಡ್ ದಿನಗಳಲ್ಲಿ ಡೆನ್ಮಾರ್ಕಿನ ಇಬ್ಬರು ಪತ್ರಿಕಾ ಛಾಯಾಗ್ರಾಹಕರು ಒಂದೇ ಸಾಲು, ಒಂದೇ ಬೀದಿಯನ್ನು ವಿಶಾಲ ಲೆನ್ಸಿನಲ್ಲೂ ಟೆಲಿ ಲೆನ್ಸಿನಲ್ಲೂ ತೆಗೆದು ತೋರಿಸಿದರು. ಒಂದರಲ್ಲಿ ಜನ ಬಿಡಿಬಿಡಿಯಾಗಿ ನಿಂತಿದ್ದಾರೆ, ಇನ್ನೊಂದರಲ್ಲಿ ಒತ್ತೊತ್ತಾಗಿ. ಎರಡೂ ಸುಳ್ಳಲ್ಲ. ಆದರೆ ಒಂದನ್ನು ನೋಡಿದವರಿಗೆ ಆ ಜನರ ಮೇಲೆ ಸಿಟ್ಟು ಬರುತ್ತದೆ, ಇನ್ನೊಂದನ್ನು ನೋಡಿದವರಿಗೆ ಬರುವುದಿಲ್ಲ. ಘತ್ತರಗಿಯ ಅಮಾವಾಸ್ಯೆಯನ್ನು ದೂರದ ಕಟ್ಟೆಯ ಮೇಲಿಂದ ಟೆಲಿಯಲ್ಲಿ ತೆಗೆದರೆ ಅದು 'ಮೂಢ ಜನಸಾಗರ'ವಾಗಿ ಕಾಣಿಸೀತು. ಅದೇ ಜನರ ನಡುವೆ ನಿಂತು ತೆಗೆದರೆ ಮಗುವಿನ ಕೈಹಿಡಿದ ಅಜ್ಜಿ, ಚಪ್ಪಲಿ ಹುಡುಕುತ್ತಿರುವ ಹುಡುಗ, ಕಾಯಿಯ ರೇಟಿಗೆ ಚೌಕಾಶಿ ಮಾಡುತ್ತಿರುವ ಹೆಂಗಸು ಕಾಣುತ್ತಾರೆ.

ಇದಕ್ಕೆ ಎದುರಾಗಿ ಒಂದು ಬಲವಾದ ವಾದವಿದೆ. ಗೊತ್ತಾದರೆ ಜನ ಬದಲಾಗುತ್ತಾರೆ. ಕ್ಯಾಮೆರಾ ಕಂಡ ಕೂಡಲೇ ಸೆರಗು ಸರಿಮಾಡಿಕೊಳ್ಳುತ್ತಾರೆ, ಎದೆ ಉಬ್ಬಿಸಿ ನಿಲ್ಲುತ್ತಾರೆ, ನಗುತ್ತಾರೆ. ಬದುಕು ಇದ್ದ ಹಾಗೇ ಸಿಗಬೇಕಾದರೆ ತೆಗೆಯುವವನು ಕಾಣಿಸಬಾರದು. ಬೀದಿ ಛಾಯಾಗ್ರಹಣದ ಇತಿಹಾಸ ಈ ವಾದದ ಮೇಲೆಯೇ ನಿಂತಿದೆ. ಹೆನ್ರಿ ಕಾರ್ತಿಯೇ ಬ್ರೆಸಾನ್ ತನ್ನ ಪುಟ್ಟ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಬಳಿದುಕೊಂಡು, ಬಹುಪಾಲು 50 ಮಿ.ಮೀ. ಲೆನ್ಸಿನಲ್ಲೇ ತಿರುಗಾಡಿದ. 1952ರಲ್ಲಿ ಬಂದ ಅವನ ಪುಸ್ತಕ ಇಂಗ್ಲಿಷಿನಲ್ಲಿ 'ನಿರ್ಣಾಯಕ ಕ್ಷಣ' ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾಯಿತು. ಫ್ರೆಂಚ್ ಮೂಲದ ಹೆಸರಿಗೆ ಇಷ್ಟು ಗಾಂಭೀರ್ಯವಿಲ್ಲ. ಪರವಾನಗಿಯಿಲ್ಲದೆ ಬೀದಿಯಲ್ಲಿ ಮಾಲು ಹರಡಿ, ಪೊಲೀಸರು ಕಂಡೊಡನೆ ಗಂಟುಕಟ್ಟಿ ಓಡುವ ವ್ಯಾಪಾರಿಯ ಬಗ್ಗೆ ಬಳಸುವ ನುಡಿಗಟ್ಟು ಅದು. ತನ್ನ ಕಸುಬಿನಲ್ಲಿ ಒಂದಿಷ್ಟು ಕಳ್ಳತನ ಇದೆ ಎಂಬುದನ್ನು ಆ ಹೆಸರು ಬಚ್ಚಿಡುವುದಿಲ್ಲ.

ಈ ವಾದದ ಅರ್ಧವನ್ನು ನಾನು ಒಪ್ಪುತ್ತೇನೆ. ಪ್ರತಿಯೊಬ್ಬರನ್ನೂ ಮೊದಲೇ ಕೇಳಿ ತೆಗೆದರೆ ನಮ್ಮ ಬಳಿ ಉಳಿಯುವುದು ಮದುವೆ ಆಲ್ಬಮ್ಮಿನಂಥ ಚಿತ್ರಗಳು. ನಮ್ಮ ಊರುಗಳು ಹೇಗಿದ್ದವು ಎಂಬ ನೆನಪು ಮುಂದಿನವರಿಗೆ ಸಿಗದೆ ಹೋದೀತು. ಆದರೆ 'ತೆಗೆಯುವ ಗಳಿಗೆಯಲ್ಲಿ ಗೊತ್ತಾಗದಿರುವುದು' ಬೇರೆ, 'ಎಂದೂ ಗೊತ್ತಾಗದಿರುವುದು' ಬೇರೆ. ಮೊದಲನೆಯದರಲ್ಲಿ ಚಿತ್ರ ಸಿಕ್ಕ ಮೇಲೂ ಇಬ್ಬರೂ ಅಲ್ಲೇ ಇರುತ್ತೇವೆ. ಕಣ್ಣು ಕೂಡುತ್ತದೆ. ಅವರು ಹುಬ್ಬೇರಿಸಿ ಕೇಳಬಹುದು, ಬೈಯಬಹುದು, ನಗಬಹುದು. ಎರಡನೆಯದರಲ್ಲಿ ಆ ದಾರಿಯೇ ಇಲ್ಲ.

ಎರಡನೆಯದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1999ರಿಂದ 2001ರವರೆಗೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಫಿಲಿಪ್ ಲೋರ್ಕಾ ಡಿಕೋರ್ಸಿಯಾ ಎಂಬ ಕಲಾವಿದ ಪಾದಚಾರಿಗಳ ಮೇಲೆ ಬೆಳಕು ಬೀಳುವಂತೆ ಫ್ಲ್ಯಾಶ್ ದೀಪಗಳನ್ನು ಅಟ್ಟಣಿಗೆಗೆ ಕಟ್ಟಿ, ತಾನು ಸುಮಾರು ಇಪ್ಪತ್ತು ಅಡಿ ದೂರದಲ್ಲಿ ಟೆಲಿ ಲೆನ್ಸು ಹಿಡಿದು ನಿಂತ. ಹಾದುಹೋದವರ ಮುಖಗಳು ಕತ್ತಲೆಯ ಹಿನ್ನೆಲೆಯಲ್ಲಿ ಬೆಳಗಿದವು. ಚಿತ್ರಗಳು ಅದ್ಭುತವಾಗಿವೆ, ಅದರಲ್ಲಿ ಅನುಮಾನವಿಲ್ಲ. ಅದರಲ್ಲೊಂದು ಎರ್ನೋ ನುಸ್ಸೆನ್‌ಜ್ವೈಗ್ ಎಂಬ ವೃದ್ಧ ಯಹೂದಿಯ ಮುಖ. ತನ್ನ ಚಿತ್ರ ಗ್ಯಾಲರಿಯಲ್ಲಿ ತೂಗಿ, ಒಂದೊಂದು ಪ್ರತಿ ಇಪ್ಪತ್ತು ಮೂವತ್ತು ಸಾವಿರ ಡಾಲರಿಗೆ ಮಾರಾಟವಾದದ್ದು ಅವನಿಗೆ ವರ್ಷಗಳ ನಂತರ ತಿಳಿಯಿತು. ಅವನು ನಂಬಿದ ಧರ್ಮದಲ್ಲಿ ಹೀಗೆ ಮೂರ್ತಿಯಾಗುವುದು ನಿಷಿದ್ಧ. 2005ರಲ್ಲಿ ಮೊಕದ್ದಮೆ ಹೂಡಿದ. 2006ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಇದು ಕಲೆ, ಕಲೆಗೆ ಸಂವಿಧಾನದ ರಕ್ಷಣೆ ಇದೆ ಎಂದಿತು.

ಕಾನೂನು ಅಲ್ಲಿಗೆ ಮುಗಿಯಿತು. ನೈತಿಕ ಪ್ರಶ್ನೆ ಮುಗಿಯಲಿಲ್ಲ. ಆ ಮುದುಕನಿಗೆ ಹೇಳಬೇಕಾದ ಒಂದು ಮಾತಿತ್ತು: 'ನನ್ನ ನಂಬಿಕೆಗೆ ಇದು ಒಗ್ಗುವುದಿಲ್ಲ.' ಅದನ್ನು ಹೇಳಲು ಅವನಿಗೆ ಸಿಕ್ಕ ಮೊದಲ ಅವಕಾಶ ನ್ಯಾಯಾಲಯ, ಅದೂ ನಾಲ್ಕಾರು ವರ್ಷ ತಡವಾಗಿ. ಇಪ್ಪತ್ತು ಅಡಿ ಮತ್ತು ಒಂದು ಟೆಲಿ ಲೆನ್ಸು ಆ ಮಾತನ್ನು ಬೀದಿಯಲ್ಲಿ ಆಡಗೊಡಲಿಲ್ಲ.

ನಮ್ಮಲ್ಲೂ ಕಾನೂನು ಈ ಬಗ್ಗೆ ಯೋಚಿಸಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಮನುಷ್ಯ ತನ್ನ ಖಾಸಗಿತನವನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ ಎಂಬ ವಿಚಾರವೂ ಆ ತೀರ್ಪಿನಲ್ಲಿದೆ. ಭೀಮಾ ದಂಡೆಯ ಹೆಣ್ಣುಮಕ್ಕಳಿಗೂ ಅವರ ಸುತ್ತ ಮುಖ ತಿರುಗಿಸಿ ನಿಂತವರಿಗೂ ಇದು ಹೊಸ ವಿಚಾರವಾಗಿರಲಾರದು.

ಹಾಗಾದರೆ ಹತ್ತಿರ ಹೋದರೆ ಎಲ್ಲ ಸರಿಯಾಯಿತೇ? ಹಾಗೆ ಹೇಳುವ ಧೈರ್ಯ ನನಗಿಲ್ಲ. ವಾಕರ್ ಎವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಎದುರು ಕೂತವರ ಚಿತ್ರ ತೆಗೆದ. ಅಂತರ ಕೆಲವೇ ಅಡಿ. ಆದರೆ ಕ್ಯಾಮೆರಾ ಅವನ ಕೋಟಿನೊಳಗಿತ್ತು, ಲೆನ್ಸು ಗುಂಡಿಗಳ ನಡುವೆ ಇಣುಕುತ್ತಿತ್ತು. ಆ ಚಿತ್ರಗಳ ಪುಸ್ತಕ ಬಂದದ್ದು 1966ರಲ್ಲಿ. ಬ್ರೂಸ್ ಗಿಲ್ಡನ್ ಎಂಬಾತ ವಿಶಾಲ ಲೆನ್ಸು ಹಿಡಿದು ದಾರಿಹೋಕರ ಮುಖಕ್ಕೆ ಮುಖ ಕೊಟ್ಟು ಫ್ಲ್ಯಾಶ್ ಹೊಡೆಯುತ್ತಾನೆ. ಅವರು ಬೆಚ್ಚಿದ್ದೇ ಚಿತ್ರವಾಗುತ್ತದೆ. ಡೊರೊಥಿಯಾ ಲ್ಯಾಂಗ್ 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಬಳಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯನ್ನು ಕಂಡು, ಒಂದೊಂದೇ ಹೆಜ್ಜೆ ಹತ್ತಿರವಾಗುತ್ತ ಚಿತ್ರಗಳನ್ನು ತೆಗೆದಳು. ಕೊನೆಯದು ಲೋಕಪ್ರಸಿದ್ಧವಾಯಿತು. ಆದರೆ ಆ ತಾಯಿಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬ ಹೆಸರು ಜಗತ್ತಿಗೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಏನೂ ದಕ್ಕಲಿಲ್ಲ ಎಂಬ ಅಸಮಾಧಾನ ಆಕೆಗಿತ್ತು. ಲ್ಯಾಂಗ್‌ಳ ಚಿತ್ರ ಹಸಿದ ಕೂಲಿಗಳಿಗೆ ಸಹಾಯ ತರಿಸಿತು ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು.

ಈ ಮೂವರೂ ಹತ್ತಿರವೇ ಇದ್ದರು. ಒಬ್ಬ ಅಡಗಿದ್ದ, ಇನ್ನೊಬ್ಬ ಎದುರಿನವರು ಬಾಯಿ ತೆರೆಯುವ ಮೊದಲೇ ಚಿತ್ರ ಹಿಡಿದು ಮುಂದೆ ಹೋದ, ಮತ್ತೊಬ್ಬಳು ಹೆಸರು ಕೇಳುವಷ್ಟು ಹೊತ್ತು ನಿಲ್ಲಲಿಲ್ಲ. ಹಾಗಾಗಿ ಹತ್ತಿರ, ದೂರ ಎಂಬುದೇ ಕೊನೆಯ ಅಳತೆಯಾಗಲಾರದು. ನನಗೆ ಕಾಣುವ ಅಳತೆ ಇದು: ಎದುರಿಗಿರುವವರು ಮಾಮೂಲಿ ದನಿಯಲ್ಲಿ ಏನಾದರೂ ಹೇಳಿದರೆ ಅದು ನನ್ನ ಕಿವಿಗೆ ಬೀಳುತ್ತದೆಯೇ? ಬಿದ್ದ ಮೇಲೆ ನನ್ನ ಚಿತ್ರವನ್ನು ಅದು ಬದಲಿಸಬಲ್ಲದೇ?

ಘತ್ತರಗಿಯ ಬಳೆ ಅಂಗಡಿಯ ಒಂದು ಮಾತುಕತೆ ಹೇಳುತ್ತೇನೆ. ವಯಸ್ಸಾದ ಒಬ್ಬ ತಾಯಿ ಹರೆಯದ ಹುಡುಗಿಯ ಕೈಗೆ ಹಸಿರು ಬಳೆ ಇಡಿಸುತ್ತಿದ್ದರು. ಬೆರಳುಗಳನ್ನು ಒತ್ತಿ ಮಡಚಿ, ಬಳೆಯನ್ನು ಗೆಣ್ಣು ದಾಟಿಸುವ ಆ ನೈಪುಣ್ಯ ನೋಡಲು ಚಂದ. ನಾನು 35ರ ಲೆನ್ಸಿನೊಂದಿಗೆ ಒಂದು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಅವರು ಕಣ್ಣೆತ್ತಿದರು.

"ಪೇಪರಿಗಿ ಹಾಕ್ತಿಯೇನು?"

"ಇಲ್ಲ ಯವ್ವಾ, ನನ್ನ ಸಲುವಾಗಿ."

"ನಿನ್ನ ಸಲುವಾಗಿ ನನ್ನ ಮಾರಿ ಯಾಕ ಬೇಕೋ ತಮ್ಮಾ?"

ಛಾಯಾಗ್ರಹಣದ ಮೇಲೆ ನಾನು ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇಷ್ಟು ನೇರವಾಗಿ ಬಂದಿಲ್ಲ. ಬಳೆ ಇಡಿಸುವುದು ನೋಡಲು ಚಂದ ಇದೆ, ಅದಕ್ಕೆ ಅಂದೆ.

"ಹಂಗಾದ್ರ ಕೈಯಷ್ಟೇ ತಗಿ. ಮಾರಿ ಬ್ಯಾಡ."

ನಾನು ತೆಗೆದದ್ದು ನಾಲ್ಕು ಕೈಗಳ ಚಿತ್ರ. ಎರಡು ಬಿರುಕುಬಿಟ್ಟವು, ಎರಡು ಎಳೆಯವು. ಮುಖ ಸೇರಿದ್ದರೆ ಇನ್ನೂ ಒಳ್ಳೆಯ ಚಿತ್ರವಾಗುತ್ತಿತ್ತೋ ಏನೋ, ಅದನ್ನು ಅಳೆಯುವ ಉಪಾಯವಿಲ್ಲ. ನನಗೆ ಮುಖ್ಯವಾದದ್ದು ಆ ಚಿತ್ರದ ಚೌಕಟ್ಟನ್ನು ಕೂಡಿ ಹಾಕಿದ್ದು ಇಬ್ಬರು ಎಂಬುದು. ಒಂದು ಅಂಚು ನನ್ನದು, ಇನ್ನೊಂದು ಅಂಚು ಅವರದು. ಹನ್ನೊಂದು ಮೀಟರ್ ಆಚೆಯಿಂದ ಮುಖವೂ ಸಿಗುತ್ತಿತ್ತು, ಆದರೆ ಆ ಪ್ರಶ್ನೆ ಕೇಳಿಸುತ್ತಿರಲಿಲ್ಲ.

ಗುಡಿಗೆ ಹೋಗುವ ಜನ ಇದಕ್ಕೆ ಹತ್ತಿರದ ವಿಚಾರವೊಂದನ್ನು ಮೊದಲಿನಿಂದ ಬಲ್ಲರು. ದರ್ಶನಕ್ಕೆ ಹೋಗುವುದು ಅಂದರೆ ದೇವಿಯನ್ನು ನೋಡಿ ಬರುವುದಷ್ಟೇ ಆಗಿರುವುದಿಲ್ಲ. ದೇವಿಯ ಕಣ್ಣಿಗೆ ತಾವು ಬೀಳಬೇಕು ಎಂದೇ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ನೋಟಕ್ಕೆ ಬಲವಿದೆ, ಅದು ತಾಗುತ್ತದೆ ಎಂದು ನಂಬಿಯೇ ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಡುತ್ತಾರೆ. ನಾನು ಆಸ್ತಿಕನೋ ನಾಸ್ತಿಕನೋ ಎಂಬುದು ಇಲ್ಲಿ ಮುಖ್ಯವಲ್ಲ. ನೋಡುವವನೂ ನೋಟಕ್ಕೆ ಸಿಕ್ಕಬೇಕು ಎಂಬ ಮಾತು ಛಾಯಾಗ್ರಾಹಕನಿಗೆ ಬೇಕಾದದ್ದೇ.

ಆದರೆ ಉತ್ತರ ಕೊಡುವ ಸ್ಥಿತಿಯಲ್ಲೇ ಇಲ್ಲದವರ ವಿಷಯ? ಈ ಅಳತೆಯ ಕಠಿಣ ಪರೀಕ್ಷೆ ಅಲ್ಲಿದೆ. ಗುಡಿಯ ಅಂಗಳದಲ್ಲಿ ಮೈಮೇಲೆ ದೇವರು ಬಂದು ಕೂದಲು ಕೆದರಿ ತೂಗಾಡುವ ಹೆಂಗಸಿಗೆ ನಾನು ಒಂದು ಮಾರು ದೂರದಲ್ಲಿದ್ದರೇನು, ಆರು ಮಾರು ದೂರದಲ್ಲಿದ್ದರೇನು, ಆಕೆ 'ಮಾರಿ ಬ್ಯಾಡ' ಎನ್ನಲಾರಳು. ಇದೇ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ 'ಗಾಳಿ ಸೋಕಿದೆ' ಎಂದು ಮನೆಯವರು ಕರೆತರುವ ಜನರ ಸ್ಥಿತಿಯೂ ಇದೇ. ಪೂಜೆಯ ಹೊತ್ತಿಗೆ ಅವರು ಕೂಗುತ್ತಾರೆ, ಕಂಬ ಹಿಡಿದು ಒದ್ದಾಡುತ್ತಾರೆ. ಅಂಥ ದೃಶ್ಯಗಳು ಇವತ್ತು ಮೊಬೈಲುಗಳಲ್ಲಿ ಹರಿದಾಡುತ್ತವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮನೋರೋಗಿಯ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಅದೇ ಮನುಷ್ಯ ಆಸ್ಪತ್ರೆಯ ಬದಲು ಗುಡಿಗೆ ಬಂದರೆ ಆ ಮರ್ಯಾದೆ ಅವನಿಗೆ ಬೇಡವೇ? ಕಾಯ್ದೆಯ ಅಕ್ಷರ ಗುಡಿಯ ಅಂಗಳಕ್ಕೆ ಬರದಿರಬಹುದು. ಅದರ ಹಿಂದಿನ ಕಾರಣ ಬರುತ್ತದೆ. ಅಂಥಲ್ಲಿ ಯಾವ ಲೆನ್ಸೂ ಸರಿಯಾದ ಲೆನ್ಸಲ್ಲ. ಕ್ಯಾಮೆರಾವನ್ನು ಚೀಲದಲ್ಲಿಡುವುದೇ ಸರಿ. ಚಿತ್ರ ಎಷ್ಟೇ ಬಲವಾಗಿ ಕರೆಯುತ್ತಿರಲಿ, ಆ ಬಲ ಬಂದಿರುವುದು ಆಕೆಯ ಅಸಹಾಯಕತೆಯಿಂದ.

ಇಲ್ಲಿ ಒಬ್ಬ ಪತ್ರಕರ್ತ ನನ್ನನ್ನು ತಡೆದು ಕೇಳಬಹುದು: ಹಾಗಾದರೆ ಅನ್ಯಾಯದ ಚಿತ್ರ ತೆಗೆಯುವವರು ಯಾರು? ಅದು ನ್ಯಾಯವಾದ ಪ್ರಶ್ನೆ. 1986ರ ಮಾರ್ಚ್‌ನಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ವಿರೋಧಿಸಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆಯಿತು. ಮುಂದೆ ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು. ಜಗತ್ತಿಗೆ ತಿಳಿಯದೆ ನಿಲ್ಲದ ಆಚರಣೆಗಳಿವೆ, ತಿಳಿಸಬೇಕಾದವರೂ ಇರಬೇಕು. ಆದರೆ ಅಲ್ಲಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಬೆತ್ತಲೆ ನಡೆಯುವ ಹೆಣ್ಣಿನ ಮುಖ ತೋರಿಸಿದರೆ ನಾಚಿಕೆಯಾಗುವುದು ಪದ್ಧತಿಗೋ, ಆಕೆಗೋ? ಪದ್ಧತಿಯ ವಿರುದ್ಧ ಸಾಕ್ಷಿ ಹೇಳಲು ಆಕೆಯ ಗುರುತು ಬೇಕಾಗಿಲ್ಲ.

ಬಲವುಳ್ಳವರ ವಿಷಯವೇ ಬೇರೆ. ಭೀಮಾ ತೀರದ ಅಕ್ರಮ ಮರಳು ಸಾಗಣೆ ಈ ಭಾಗದವರಿಗೆ ಹೊಸ ಸುದ್ದಿಯಲ್ಲ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಒಬ್ಬ ಹೆಡ್ ಕಾನ್‌ಸ್ಟೆಬಲ್ ಅದೇ ಟ್ರ್ಯಾಕ್ಟರಿನಡಿ ಸಿಕ್ಕು ಸತ್ತರು. ಅಂಥ ದಂಧೆಯ ಚಿತ್ರ ತೆಗೆಯುವವನಿಗೆ 'ಒಂದು ಮಾರು ದೂರ ಹೋಗಿ ಮಾತಾಡಿಸು' ಎಂದು ಹೇಳುವುದು ಮೂರ್ಖತನ. ಅವನು 200 ಅಲ್ಲ, 600ರ ಲೆನ್ಸು ತರಲಿ, ಜಾಲಿಕಂಟಿಯ ಮರೆಯಲ್ಲಿ ಕೂರಲಿ. ಅಲ್ಲಿ ಉತ್ತರ ಕೊಡುವ ಶಕ್ತಿ ಎದುರಿನವರಿಗೆ ಬೇಕಾದಷ್ಟಿದೆ, ಇಲ್ಲದಿರುವುದು ಛಾಯಾಗ್ರಾಹಕನಿಗೆ. ಟೆಲಿ ಲೆನ್ಸು ಬಡವನ ಕೈಯಲ್ಲಿದ್ದು ಬಲವಂತನ ಕಡೆ ತಿರುಗಿದಾಗ ಗುರಾಣಿ. ಬಲವಂತನ ಕೈಯಲ್ಲಿದ್ದು ಬಡವನ ಕಡೆ ತಿರುಗಿದಾಗ ಅದು ಬೇಟೆಯ ಸಾಮಾನು. ಅಮಾವಾಸ್ಯೆಯ ಜಾತ್ರೆಯಲ್ಲಿ, ಲಕ್ಷದ ಕ್ಯಾಮೆರಾ ಹಿಡಿದ ನಾನು ಯಾವ ಕಡೆಯವನು ಎಂದು ನನಗೆ ಗೊತ್ತಿದೆ.

ಮಿರರ್‌ಲೆಸ್ ಕ್ಯಾಮೆರಾ ಈ ಪ್ರಶ್ನೆಗೆ ಇನ್ನೊಂದು ಎಳೆ ಸೇರಿಸಿದೆ. ಹಳೆಯ ಎಸ್‌ಎಲ್‌ಆರ್‌ಗಳಲ್ಲಿ ಕನ್ನಡಿ ಮೇಲೇಳುವ 'ಟಕ್' ಸದ್ದು ಎದುರಿನವರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಈಗ ಕನ್ನಡಿಯಿಲ್ಲ. ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡರೆ ಸದ್ದೇ ಇಲ್ಲ. ಪರದೆಯನ್ನು ಮಡಚಿ ಹೊಟ್ಟೆಯ ಹತ್ತಿರ ಹಿಡಿದರೆ ಕಣ್ಣಿಗೆ ಕ್ಯಾಮೆರಾ ಏರಿಸುವ ಸನ್ನೆಯೂ ಇಲ್ಲ. ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ಮಾರುವ ಮೊಬೈಲುಗಳಲ್ಲಿ ಶಟರ್ ಸದ್ದನ್ನು ಬಳಕೆದಾರರು ಸಾಮಾನ್ಯವಾಗಿ ಬಂದ್ ಮಾಡಲಾಗುವುದಿಲ್ಲ. ಕದ್ದು ತೆಗೆಯುವವರ ಹಾವಳಿಯೇ ಅದಕ್ಕೆ ಕಾರಣ. ನಮ್ಮ ಕ್ಯಾಮೆರಾಗಳಿಗೆ ಅಂಥ ಕಟ್ಟಳೆಯಿಲ್ಲ. ಯಂತ್ರ ಮೊದಲು ಮಾಡುತ್ತಿದ್ದ ಕೆಲಸವನ್ನು, ಅಂದರೆ 'ನಾನಿಲ್ಲಿದ್ದೇನೆ' ಎಂದು ತಿಳಿಸುವುದನ್ನು, ಈಗ ನಾವೇ ಮಾಡಬೇಕು. ನಾನು ಜಾತ್ರೆಯಲ್ಲಿ ಮೆಕ್ಯಾನಿಕಲ್ ಶಟರನ್ನೇ ಇಟ್ಟುಕೊಳ್ಳುತ್ತೇನೆ. ಸಣ್ಣ ಸದ್ದು, ಆದರೆ ಒಂದು ಮಾರು ದೂರಕ್ಕೆ ಕೇಳಿಸುತ್ತದೆ. ಪ್ರವಚನ ನಡೆಯುವಲ್ಲಿ, ಮಗು ಮಲಗಿದಲ್ಲಿ ಸದ್ದಿಲ್ಲದ ಶಟರಿಗೆ ಅದರ ಮರ್ಯಾದೆ ಇದ್ದೇ ಇದೆ.

ಇಷ್ಟಾದ ಮೇಲೆ ಹುಡುಗರ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಬೀದಿಗೆ ಒಂದೇ ಲೆನ್ಸು ಕೊಳ್ಳುವುದಾದರೆ 35ಕ್ಕೆ ಸಮನಾದ ಪ್ರೈಮ್ ಕೊಳ್ಳಿ. ಎಫ್/2ರ ಬೆಳಕು ಸಿಗುವುದರಿಂದ ದೀಪ ಹಚ್ಚುವ ಹೊತ್ತಿನಲ್ಲೂ ಕೆಲಸಕ್ಕೆ ಬರುತ್ತದೆ. ಅಗ್ಗದ ಜೂಮ್‌ಗಳು ಆ ಹೊತ್ತಿಗೆ ಸೋಲುತ್ತವೆ. ಹಗಲಲ್ಲಿ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಎಫ್/8 ಇಟ್ಟು ಎರಡೂವರೆ ಮೀಟರಿಗೆ ಫೋಕಸ್ ಕಟ್ಟಿದರೆ ಹೆಚ್ಚುಕಡಿಮೆ 1.7 ಮೀಟರಿನಿಂದ 4.9 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಆಗ ಫೋಕಸಿನ ಚಿಂತೆ ಬಿಟ್ಟು ಎದುರಿನವರ ಮುಖ ನೋಡಬಹುದು, ಅವರು ಹೇಳುವುದನ್ನು ಕೇಳಬಹುದು. ನಾಚಿಕೆ ಸ್ವಭಾವದವರು 50ರಿಂದ ಶುರು ಮಾಡಿ. ಮೂರು ಮೀಟರಿನಲ್ಲೂ ಮಾತು ಕೇಳುತ್ತದೆ. 28 ಬೇಕೆನ್ನುವವರು ಒಂದೂವರೆ ಮೀಟರಿನಲ್ಲಿ ನಿಂತಾಗ ಎದುರಿನವರು ಹಿಂದೆ ಸರಿಯುತ್ತಾರೋ ಇಲ್ಲವೋ ಎಂದು ಗಮನಿಸಿ. ಸರಿದರೆ ನೀವೂ ಒಂದು ಹೆಜ್ಜೆ ಹಿಂದೆ ಸರಿಯಿರಿ. 200ರ ಜೂಮ್ ಮನೆಯಲ್ಲಿದ್ದರೆ ಇರಲಿ, ಭೀಮಾ ದಂಡೆಯ ಹಕ್ಕಿಗಳಿಗೆ ಅದು ಬೇಕು.

ಈ ಆಯ್ಕೆಯಿಂದ ನಷ್ಟವೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಹತ್ತು ಸಲ ಹೋದರೆ ಆರು ಸಲ ಯಾರಾದರೂ 'ಬ್ಯಾಡ್ರಿ' ಅನ್ನುತ್ತಾರೆ. ಕೆಲವರು ಫೋಟೋ ಕಳಿಸಿ ಅನ್ನುತ್ತಾರೆ, ನಂಬರ್ ಬರೆದುಕೊಂಡು ಕಳಿಸಬೇಕಾಗುತ್ತದೆ. ಟೆಲಿ ಹಿಡಿದ ಗೆಳೆಯ ಸಂಜೆಗೆ ನೂರು ಮುಖ ತರುತ್ತಾನೆ, ನಿಮ್ಮ ಕಾರ್ಡಿನಲ್ಲಿ ಎಂಟು ಹತ್ತು ಒಳ್ಳೆಯ ಚಿತ್ರ ಇದ್ದರೆ ಹೆಚ್ಚು. ಸ್ಪರ್ಧೆಗಳಲ್ಲಿ ಬಹುಮಾನ ಅವನಿಗೇ ಬಂದರೂ ಬರಬಹುದು. ಆ ಎಂಟು ಹತ್ತು ಚಿತ್ರಗಳನ್ನು ಮಾತ್ರ ಮುಂದಿನ ಅಮಾವಾಸ್ಯೆಗೆ ಪ್ರಿಂಟ್ ಹಾಕಿಸಿಕೊಂಡು ಹೋಗಿ, ಅದರಲ್ಲಿರುವವರ ಕೈಗೇ ಕೊಡಲು ಸಾಧ್ಯವಾಗಬೇಕು. ಕೊಡಲು ಮುಜುಗರವಾಗುವ ಚಿತ್ರ ಯಾವುದಾದರೂ ಇದ್ದರೆ, ಅದನ್ನು ಯಾವ ದೂರದಲ್ಲಿ ನಿಂತು ತೆಗೆದೆವು ಎಂದು ಒಮ್ಮೆ ಲೆಕ್ಕ ಹಾಕಿ ನೋಡಬಹುದು.